ಯಂತ್ರ ಕೊಳ್ಳುವುದು ಸುಲಭ, ಕೆಲಸದ ಕ್ರಮ ಬದಲಿಸುವುದು ಕಷ್ಟ

ಕೃತಕ ಬುದ್ಧಿಮತ್ತೆಯನ್ನು ತಮ್ಮ ಸಂಸ್ಥೆಗೆ ತರಲು ಹೊರಟ ಉದ್ಯಮಿಗಳು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಯಾವುವು?

ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರಿನಿಂದ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ಉದಾಹರಣೆಗಳು ಆಗ ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿದ್ದವು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ಹೀಗೆ ಮೈಸೂರು ಸಂಸ್ಥಾನದಲ್ಲಿ ಹೊಸ ಶಕ್ತಿ ಊರಿಗಿಂತ ಮೊದಲು ಉದ್ಯಮಕ್ಕೆ ಬಂತು.

ಗಣಿ ಕಂಪನಿಗಳು ಈ ಹೊಸ ಶಕ್ತಿಯನ್ನು ಒಪ್ಪಿಕೊಂಡದ್ದು ಅದು ಹೊಸದೆಂಬ ಕಾರಣಕ್ಕಲ್ಲ. ಅದಿರನ್ನು ಕುಟ್ಟಿ ಪುಡಿ ಮಾಡಬೇಕಿತ್ತು, ಆಳದಿಂದ ಮೇಲೆತ್ತಬೇಕಿತ್ತು. ಆ ಕೆಲಸ ಮಾಡುತ್ತಿದ್ದ ಉಗಿ ಯಂತ್ರಗಳಿಗೆ ಸೌದೆಯನ್ನೂ ಕಲ್ಲಿದ್ದಲನ್ನೂ ದೂರದಿಂದ ತರಿಸಬೇಕಿತ್ತು. ಯಾವ ಕೆಲಸಕ್ಕೆ ಶಕ್ತಿ ಬೇಕು, ಅದಕ್ಕೆ ಈಗ ಆಗುತ್ತಿರುವ ಖರ್ಚೆಷ್ಟು ಎಂಬ ಲೆಕ್ಕ ಅವರ ಪುಸ್ತಕದಲ್ಲಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಗೆ ಮೊದಲ ದೊಡ್ಡ ಗಿರಾಕಿ ಸಿಕ್ಕಿದ್ದು ಹೀಗೆ.

ಇಂದು ಉದ್ಯಮಗಳ ಹೊಸ್ತಿಲಲ್ಲಿ ಇನ್ನೊಂದು ಶಕ್ತಿ ನಿಂತಿದೆ. ಅದರ ಹೆಸರು ಕೃತಕ ಬುದ್ಧಿಮತ್ತೆ. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟ ಮೇಲೆ, 'ನಮ್ಮಲ್ಲೂ ಎಐ ಇದೆಯೇ?' ಎಂದು ಕೇಳದ ಆಡಳಿತ ಮಂಡಳಿ ಸಿಗುವುದು ಕಷ್ಟ. ದೊಡ್ಡ ಸಾಫ್ಟ್‌ವೇರ್ ಕಂಪನಿಯಿಂದ ಹಿಡಿದು ಪೀಣ್ಯದ ಸಣ್ಣ ಕೈಗಾರಿಕಾ ಶೆಡ್‌ವರೆಗೆ ಈ ಪ್ರಶ್ನೆ ಬಂದಿದೆ. ಆದರೆ ಗಣಿಯವರ ಬಳಿ ಇದ್ದಂಥ ಲೆಕ್ಕ ಇಂದಿನ ಎಷ್ಟು ಮಂದಿಯ ಬಳಿ ಇದೆ?

ನಲವತ್ತು ವರ್ಷಗಳ ವಿಳಂಬ

ವಿದ್ಯುತ್ತಿನ ಕಥೆ ಎಲ್ಲ ಕಡೆಯೂ ಕೋಲಾರದಷ್ಟು ನೇರವಾಗಿ ನಡೆಯಲಿಲ್ಲ. ಥಾಮಸ್ ಆಲ್ವಾ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರವನ್ನು ಆರಂಭಿಸಿದ್ದು 1882ರಲ್ಲಿ. ಆದರೆ 19ನೇ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ತಿರುಗಿಸುತ್ತಿದ್ದ ಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಶೇ 5ಕ್ಕಿಂತಲೂ ಕಡಿಮೆ ಇತ್ತು. ಅದು ಅರ್ಧವನ್ನು ದಾಟಲು 1920ರ ಆಸುಪಾಸಿನವರೆಗೆ ಕಾಯಬೇಕಾಯಿತು. ಕಾರ್ಖಾನೆಗಳ ಉತ್ಪಾದಕತೆ ಎದ್ದು ಕಾಣುವಂತೆ ಏರಿದ್ದು ಆ ನಂತರವೇ.

ಇದೇಕೆ ಹೀಗಾಯಿತು ಎಂಬುದನ್ನು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿವರಿಸಿದರು. ಉಗಿ ಯಂತ್ರದ ಕಾಲದಲ್ಲಿ ಇಡೀ ಕಾರ್ಖಾನೆಗೆ ಒಂದೇ ದೊಡ್ಡ ಎಂಜಿನ್. ಅದರಿಂದ ಛಾವಣಿಯುದ್ದಕ್ಕೂ ಓಡುವ ಉದ್ದನೆಯ ಕಬ್ಬಿಣದ ದಂಡ, ಆ ದಂಡದಿಂದ ಪ್ರತಿ ಯಂತ್ರಕ್ಕೂ ಇಳಿಬಿಟ್ಟ ಚರ್ಮದ ಪಟ್ಟಿ. ಯಂತ್ರಗಳನ್ನು ಕೆಲಸದ ಅನುಕೂಲಕ್ಕೆ ತಕ್ಕಂತೆ ಜೋಡಿಸಲು ಆಗುತ್ತಿರಲಿಲ್ಲ. ದಂಡ ಎಲ್ಲಿ ಹೋಗುತ್ತದೋ ಅಲ್ಲೇ ನಿಲ್ಲಿಸಬೇಕಿತ್ತು. ಒಂದು ಯಂತ್ರ ನಡೆಯಬೇಕಿದ್ದರೂ ಇಡೀ ದಂಡ ತಿರುಗಬೇಕಿತ್ತು.

ಮೊದಲ ಪೀಳಿಗೆಯ ಮಾಲೀಕರು ಮಾಡಿದ್ದು ಇಷ್ಟೇ: ಉಗಿ ಎಂಜಿನ್ ತೆಗೆದು ಆ ಜಾಗದಲ್ಲಿ ಒಂದು ದೊಡ್ಡ ವಿದ್ಯುತ್ ಮೋಟಾರು ಕೂರಿಸಿದರು. ದಂಡ, ಪಟ್ಟಿ, ಯಂತ್ರಗಳ ಸಾಲು, ಕೆಲಸದ ಕ್ರಮ ಎಲ್ಲವೂ ಮೊದಲಿನಂತೆಯೇ ಉಳಿದವು. ಸಹಜವಾಗಿಯೇ ಲಾಭವೂ ಅಲ್ಪಸ್ವಲ್ಪವೇ ಆಯಿತು. ಪ್ರತಿ ಯಂತ್ರಕ್ಕೂ ತನ್ನದೇ ಚಿಕ್ಕ ಮೋಟಾರು ಇರಲಿ, ದಂಡವೇ ಬೇಡ, ಕಚ್ಚಾ ಸಾಮಗ್ರಿ ಒಳಬಂದು ಸಿದ್ಧವಸ್ತು ಹೊರಹೋಗುವ ಹಾದಿಗೆ ತಕ್ಕಂತೆ ಯಂತ್ರಗಳನ್ನು ಸಾಲಾಗಿ ನಿಲ್ಲಿಸೋಣ, ಅದಕ್ಕಾಗಿ ಕಟ್ಟಡವನ್ನೇ ಬೇರೆ ರೀತಿ ಕಟ್ಟೋಣ ಎಂದು ಯೋಚಿಸುವವರು ಬರಲು ಒಂದು ತಲೆಮಾರು ಬೇಕಾಯಿತು.

ಡೇವಿಡ್ ಈ ಲೇಖನ ಬರೆಯಲು ಕಾರಣ ಕಂಪ್ಯೂಟರ್. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಒಂದು ಮಾತು ಹೇಳಿದ್ದರು. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಕೃತಕ ಬುದ್ಧಿಮತ್ತೆಯ ಬಗ್ಗೆ ಇಂದು ಅದೇ ಮಾತು ಮರುಕಳಿಸುತ್ತಿದೆ. ಆದ್ದರಿಂದಲೇ ಉದ್ಯಮದ ಚುಕ್ಕಾಣಿ ಹಿಡಿದವರು ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಎಐ ಕೊಳ್ಳೋಣ?' ಎಂಬುದಲ್ಲ. 'ನಮ್ಮಲ್ಲಿ ಯಾವ ಕೆಲಸ ಈಗ ಹೇಗೆ ನಡೆಯುತ್ತಿದೆ, ಅದರಲ್ಲಿ ದಂಡ ಯಾವುದು, ಪಟ್ಟಿ ಯಾವುದು?' ಎಂಬುದು.

ಇದು ಎಂಥ ಯಂತ್ರ?

'ಕೃತಕ ಬುದ್ಧಿಮತ್ತೆ' ಎಂಬ ಹೆಸರು ಹೊಸದೇನಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1956ರ ಬೇಸಿಗೆಯಲ್ಲಿ ನಡೆದ ವಿದ್ವಾಂಸರ ಕೂಟಕ್ಕಾಗಿ ಜಾನ್ ಮೆಕಾರ್ಥಿ ಈ ಪದವನ್ನು ಬಳಕೆಗೆ ತಂದರು. ಆದರೆ ಇಂದು ಮಾರುಕಟ್ಟೆಯಲ್ಲಿರುವ ಎಐಗೂ ಉದ್ಯಮಗಳು ಈಗಾಗಲೇ ಬಳಸುತ್ತಿರುವ ಸಾಮಾನ್ಯ ಕಂಪ್ಯೂಟರ್ ತಂತ್ರಾಂಶಕ್ಕೂ ಇರುವ ವ್ಯತ್ಯಾಸವನ್ನು ಅರಿಯದೆ ಹಣ ಹೂಡುವುದು ಅಪಾಯಕಾರಿ.

ಸಂಬಳದ ಲೆಕ್ಕ ಹಾಕುವ ತಂತ್ರಾಂಶವನ್ನೇ ನೋಡಿ. ಮೂಲ ವೇತನಕ್ಕೆ ಇಷ್ಟು ಭತ್ಯೆ ಸೇರಿಸು, ಇಷ್ಟು ಭವಿಷ್ಯನಿಧಿ ಕಳೆ ಎಂದು ಮನುಷ್ಯರು ಅದಕ್ಕೆ ನಿಯಮ ಬರೆದುಕೊಟ್ಟಿರುತ್ತಾರೆ. ಸಾವಿರ ಸಲ ಕೇಳಿದರೂ ಸಾವಿರ ಸಲವೂ ಅದೇ ಉತ್ತರ. ಎಐಗೆ ಹಾಗೆ ನಿಯಮ ಬರೆದುಕೊಡುವುದಿಲ್ಲ. ಹಳೆಯ ಉದಾಹರಣೆಗಳನ್ನು ರಾಶಿ ರಾಶಿಯಾಗಿ ಉಣಿಸಲಾಗುತ್ತದೆ. ಅದು ಅವುಗಳಲ್ಲಿನ ಜಾಡನ್ನು ತಾನೇ ಹಿಡಿದು, ಹೊಸ ಪ್ರಸಂಗ ಬಂದಾಗ ಬಹುಮಟ್ಟಿಗೆ ಸರಿಯಿರಬಹುದಾದ ಅಂದಾಜನ್ನು ಕೊಡುತ್ತದೆ. ಬರಹ ರಚಿಸುವ ಎಐ ಮಾಡುವುದೂ ಇದನ್ನೇ. ಇಲ್ಲಿಯವರೆಗಿನ ಮಾತಿನ ನಂತರ ಬರಲು ಹೆಚ್ಚು ಸಾಧ್ಯತೆಯಿರುವ ಮಾತು ಯಾವುದೆಂದು ಲೆಕ್ಕ ಹಾಕಿ ತುಣುಕಿಗೆ ತುಣುಕು ಜೋಡಿಸುತ್ತಾ ಹೋಗುತ್ತದೆ.

ಅಂದಾಜು ಎಂದ ಮೇಲೆ ತಪ್ಪೂ ಇದ್ದೇ ಇರುತ್ತದೆ. ತೊಂದರೆಯೆಂದರೆ, ಸರಿಯುತ್ತರವನ್ನೂ ತಪ್ಪುತ್ತರವನ್ನೂ ಅದು ಒಂದೇ ಠೀವಿಯಲ್ಲಿ ಹೇಳುತ್ತದೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆ ನಡೆಯುತ್ತಿತ್ತು. ಫಿರ್ಯಾದಿಯ ವಕೀಲರು ಚಾಟ್‌ಜಿಪಿಟಿ ಒದಗಿಸಿದ ಹಳೆಯ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿದರು. ಹುಡುಕಿ ನೋಡಿದರೆ ಅಂಥ ತೀರ್ಪುಗಳು ಎಲ್ಲಿಯೂ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಯಂತ್ರ ಅಲ್ಲಿ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತೀರ್ಪಿನಂತೆ ಕಾಣುವ ಮಾತನ್ನು ಹೊಸೆದು ಕೊಟ್ಟಿತು, ಅಷ್ಟೆ. ಅದನ್ನು ಪರಿಶೀಲಿಸುವ ಹೊಣೆ ವಕೀಲರದಾಗಿತ್ತು.

ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ. ತಪ್ಪಾದರೆ ಆಗುವ ನಷ್ಟ ಸಣ್ಣದಾಗಿದ್ದು, ತಪ್ಪನ್ನು ಬೇಗ ಕಂಡುಹಿಡಿಯಬಹುದಾದ ಕಡೆ ಎಐ ಸಲೀಸಾಗಿ ನಡೆಯುತ್ತದೆ. ಪತ್ರದ ಕರಡು, ಸಭೆಯ ಟಿಪ್ಪಣಿ, ದೂರುಗಳ ವಿಂಗಡಣೆ ಇಂಥವು. ತಪ್ಪಿನಿಂದ ಒಬ್ಬರ ಸಾಲ, ಕೆಲಸ, ಔಷಧ ಅಥವಾ ಪ್ರಾಣಕ್ಕೆ ಕುತ್ತು ಬರುವ ಕಡೆ ಕೊನೆಯ ಮಾತು ಮನುಷ್ಯರದ್ದೇ ಆಗಬೇಕು.

ದೊಡ್ಡ ಹೆಸರು, ದೊಡ್ಡ ನಷ್ಟ

ಕೆಲಸವನ್ನು ಗೊತ್ತುಮಾಡಿಕೊಳ್ಳದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯ ಪ್ರಸಂಗ ನಿದರ್ಶನ. ಐಬಿಎಂ ಕಂಪನಿಯ 'ವಾಟ್ಸನ್' ವ್ಯವಸ್ಥೆ 2011ರಲ್ಲಿ ಟೆಲಿವಿಷನ್‌ನ ರಸಪ್ರಶ್ನೆ ಸ್ಪರ್ಧೆಯಲ್ಲಿ ಮನುಷ್ಯರನ್ನು ಸೋಲಿಸಿ ಹೆಸರಾಗಿತ್ತು. ಅದೇ ವಾಟ್ಸನ್ ಕ್ಯಾನ್ಸರ್ ವೈದ್ಯರಿಗೆ ಸಲಹೆ ಕೊಡುತ್ತದೆಂದು ಆಸ್ಪತ್ರೆ ಯೋಜನೆ ಹಾಕಿಕೊಂಡಿತು. ನಾಲ್ಕಾರು ವರ್ಷಗಳ ಬಳಿಕ ಟೆಕ್ಸಾಸ್ ವಿಶ್ವವಿದ್ಯಾಲಯದ ಲೆಕ್ಕಪರಿಶೋಧಕರು ನೋಡಿದಾಗ 6.2 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ವ್ಯವಸ್ಥೆ ರೋಗಿಗಳ ಚಿಕಿತ್ಸೆಗೆ ಬಳಕೆಯಾಗುವ ಹಂತಕ್ಕೆ ಬಂದಿರಲಿಲ್ಲ. ನಡುವೆ ಆಸ್ಪತ್ರೆ ತನ್ನ ರೋಗಿಗಳ ದಾಖಲೆ ಇಡುವ ಕಂಪ್ಯೂಟರ್ ವ್ಯವಸ್ಥೆಯನ್ನೇ ಬದಲಿಸಿತ್ತು. ಹೊಸ ದಾಖಲೆಗೂ ವಾಟ್ಸನ್‌ಗೂ ತಾಳಮೇಳ ಇರಲಿಲ್ಲ. ರಸಪ್ರಶ್ನೆಯಲ್ಲಿ ಗೆಲ್ಲುವುದೇ ಬೇರೆ, ಆಸ್ಪತ್ರೆಯ ಕಡತಗಳ ನಡುವೆ ಕೆಲಸ ಮಾಡುವುದೇ ಬೇರೆ.

ಅಮೆರಿಕದ ಇನ್ನೊಂದು ಕಂಪನಿ ಝಿಲೋ. ಮನೆಗಳ ಬೆಲೆಯನ್ನು ಕಂಪ್ಯೂಟರಿನಿಂದ ಅಂದಾಜು ಮಾಡಿ ತಿಳಿಸುವುದರಲ್ಲಿ ಅದು ಪ್ರಸಿದ್ಧ. ಅಂದಾಜು ಹೇಳುವುದಷ್ಟೇ ಏಕೆ, ಅದೇ ಅಂದಾಜನ್ನು ನಂಬಿ ತಾನೇ ಮನೆ ಕೊಂಡು ಮಾರೋಣ ಎಂದು ಹೊರಟಿತು. ಕೋವಿಡ್ ಕಾಲದಲ್ಲಿ ಮನೆಗಳ ಬೆಲೆ ಹಿಂದೆಂದೂ ಕಾಣದ ರೀತಿಯಲ್ಲಿ ಏರಿಳಿಯಿತು. ಹಳೆಯ ಜಾಡಿನ ಮೇಲೆ ಹಾಕಿದ ಲೆಕ್ಕ ಕೈಕೊಟ್ಟಿತು. ಮಾರಬಹುದಾದ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡ ಮನೆಗಳಿಂದಾಗಿ 2021ರ ಒಂದೇ ತ್ರೈಮಾಸಿಕದಲ್ಲಿ 30 ಕೋಟಿ ಡಾಲರಿಗೂ ಹೆಚ್ಚು ಮೌಲ್ಯವನ್ನು ಪುಸ್ತಕದಿಂದ ಕಳೆಯಬೇಕಾಯಿತು. ಆ ವರ್ಷದ ನವೆಂಬರ್‌ನಲ್ಲಿ ಕಂಪನಿ ಆ ವಹಿವಾಟನ್ನೇ ಮುಚ್ಚಿ, ಸುಮಾರು ಕಾಲು ಭಾಗ ನೌಕರರನ್ನು ಕೈಬಿಡುವುದಾಗಿ ಘೋಷಿಸಿತು. ಅಂದಾಜು ಒಂದೆರಡು ಸಾವಿರ ಡಾಲರ್ ಹೆಚ್ಚುಕಡಿಮೆಯಾದರೆ ಓದುಗನಿಗೆ ನಷ್ಟವಿಲ್ಲ. ಅದೇ ಅಂದಾಜಿನ ಮೇಲೆ ಸಾವಿರಾರು ಮನೆ ಕೊಂಡವರಿಗೆ ಪ್ರತಿ ತಪ್ಪೂ ನಷ್ಟವೇ.

ಬೇವು ಬಿತ್ತಿ ಮಾವು ನಿರೀಕ್ಷಿಸಿದರೆ?

ಎಐ ಕಲಿಯುವುದು ಹಿಂದಿನ ದಾಖಲೆಗಳಿಂದ. ಹಿಂದಿನ ದಾಖಲೆಯಲ್ಲಿ ಅನ್ಯಾಯವಿದ್ದರೆ ಯಂತ್ರ ಅದನ್ನೂ ನಿಷ್ಠೆಯಿಂದ ಕಲಿಯುತ್ತದೆ. ಅಮೆಜಾನ್ ಕಂಪನಿ 2014ರಿಂದ ಕೆಲಸದ ಅರ್ಜಿಗಳನ್ನು ತಾನೇ ಜರಡಿ ಹಿಡಿಯುವ ವ್ಯವಸ್ಥೆಯೊಂದನ್ನು ರೂಪಿಸುತ್ತಿತ್ತು. ಹತ್ತು ವರ್ಷಗಳಲ್ಲಿ ಬಂದ ಅರ್ಜಿಗಳೇ ಅದಕ್ಕೆ ಪಾಠ. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರದ್ದಾಗಿದ್ದವು. 'ಮಹಿಳಾ' ಎಂಬ ಅರ್ಥದ ಪದವಿದ್ದ ಅರ್ಜಿಗೆ, ಉದಾಹರಣೆಗೆ ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂದು ಬರೆದುಕೊಂಡಿದ್ದರೆ, ಯಂತ್ರ ಅಂಕ ಕಡಿಮೆ ಕೊಡತೊಡಗಿತು. ಸರಿಪಡಿಸಲು ಯತ್ನಿಸಿದರೂ ಬೇರೆ ದಾರಿಯಲ್ಲಿ ಅದೇ ಭೇದಭಾವ ನುಸುಳದು ಎಂಬ ಖಾತ್ರಿ ಸಿಗದೆ ಯೋಜನೆಯನ್ನು ಕೈಬಿಡಲಾಯಿತು. ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ಇದನ್ನು ಬಯಲಿಗೆ ತಂದಿತು.

ನಮ್ಮ ದೇಶದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹೆಸರಿನಿಂದ, ಊರಿನಿಂದ, ಓದಿದ ಶಾಲೆಯಿಂದ ಒಬ್ಬರ ಜಾತಿ, ಧರ್ಮ, ಹಿನ್ನೆಲೆಗಳನ್ನು ಊಹಿಸಬಹುದಾದ ಸಮಾಜ ನಮ್ಮದು. ಜಾತಿಯ ಕಾಲಂ ತೆಗೆದುಹಾಕಿದ ಮಾತ್ರಕ್ಕೆ ಜಾತಿಯ ಜಾಡು ಅಳಿಯುವುದಿಲ್ಲ. ಸಾಲ ಕೊಡುವ, ಕೆಲಸಕ್ಕೆ ತೆಗೆದುಕೊಳ್ಳುವ ಸಂಸ್ಥೆ ಎಐ ಬಳಸುವುದಾದರೆ, ಯಾವ ಗುಂಪಿನ ಅರ್ಜಿಗಳು ಎಷ್ಟು ತಿರಸ್ಕೃತವಾಗುತ್ತಿವೆ ಎಂಬುದನ್ನು ಆಗಾಗ ಎಣಿಸಿ ನೋಡುವುದೊಂದೇ ದಾರಿ.

ಭಾಷೆಯ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. ಇಂದಿನ ದೊಡ್ಡ ಎಐಗಳು ಓದಿರುವ ಬರಹದಲ್ಲಿ ಇಂಗ್ಲಿಷಿನ ಪಾಲು ಬಲು ದೊಡ್ಡದು, ಕನ್ನಡದ್ದು ತೀರಾ ಚಿಕ್ಕದು. ಮುಖ್ಯ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಸೈ ಎನಿಸಿಕೊಂಡ ವ್ಯವಸ್ಥೆ ಕಲಬುರಗಿಯ ಅಥವಾ ಕುಂದಾಪುರದ ಗ್ರಾಹಕರ ಮಾತಿನ ಎದುರು ತಡವರಿಸಬಹುದು. ಗ್ರಾಹಕರು ಆಡುವ ಭಾಷೆಯಲ್ಲೇ ಪರೀಕ್ಷೆ ನಡೆಯದ ಹೊರತು ಅದನ್ನು ಜನರ ಮುಂದಿಡುವುದು ಸಲ್ಲದು.

ತಪ್ಪು ಯಂತ್ರದ್ದು, ದಂಡ ಯಾರದು?

2022ರ ನವೆಂಬರ್‌ನಲ್ಲಿ ಕೆನಡಾದ ಪ್ರಯಾಣಿಕರೊಬ್ಬರು ಅಜ್ಜಿಯ ಸಾವಿನ ಸುದ್ದಿ ತಿಳಿದು ವಿಮಾನ ಪ್ರಯಾಣಕ್ಕೆ ಸಿದ್ಧರಾದರು. ಇಂಥ ಪ್ರಯಾಣಕ್ಕೆ ರಿಯಾಯಿತಿ ಸಿಗುತ್ತದೆಯೇ ಎಂದು ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ ಅನ್ನು ಕೇಳಿದರು. ಈಗ ಪೂರ್ತಿ ಹಣ ಕೊಟ್ಟು ಟಿಕೆಟ್ ಕೊಂಡು, 90 ದಿನಗಳೊಳಗೆ ಅರ್ಜಿ ಹಾಕಿ ರಿಯಾಯಿತಿ ಪಡೆಯಬಹುದು ಎಂದು ಅದು ಹೇಳಿತು. ಸಂಸ್ಥೆಯ ನಿಜವಾದ ನಿಯಮದಲ್ಲಿ ಪ್ರಯಾಣದ ನಂತರ ಅಂಥ ಅರ್ಜಿಗೆ ಅವಕಾಶವಿರಲಿಲ್ಲ. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ಅಸ್ತಿತ್ವ ಎಂಬ ಧಾಟಿಯ ವಾದವನ್ನು ಮಂಡಳಿ ಒಪ್ಪಲಿಲ್ಲ. ತನ್ನ ಹೆಸರಿನಲ್ಲಿ ಕೊಟ್ಟ ಮಾಹಿತಿಗೆಲ್ಲ ಸಂಸ್ಥೆಯೇ ಜವಾಬ್ದಾರಿ ಎಂದು 2024ರ ಫೆಬ್ರುವರಿಯಲ್ಲಿ ತೀರ್ಪಿತ್ತು, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು. ಕೌಂಟರಿನ ಗುಮಾಸ್ತ ಕೊಟ್ಟ ಮಾತಿಗೆ ಅಂಗಡಿಯ ಯಜಮಾನ ಹೇಗೆ ಬದ್ಧನೋ, ಯಂತ್ರ ಕೊಟ್ಟ ಮಾತಿಗೂ ಹಾಗೆಯೇ.

ಗುಟ್ಟಿನ ವಿಷಯ ಇನ್ನೊಂದು. 2023ರಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರುಗಳು ಕೆಲಸ ಬೇಗ ಮುಗಿಯಲೆಂದು ಕಂಪನಿಯ ಗೋಪ್ಯ ತಂತ್ರಾಂಶ ಸಂಕೇತವನ್ನೇ ಚಾಟ್‌ಜಿಪಿಟಿಯಲ್ಲಿ ಹಾಕಿದ್ದು ಪತ್ತೆಯಾಯಿತು. ಬಳಿಕ ಕಂಪನಿ ಇಂಥ ಸಾಧನಗಳ ಬಳಕೆಯನ್ನು ನಿಷೇಧಿಸಿತು. ನೌಕರರು ದುರುದ್ದೇಶದಿಂದ ಮಾಡಿದ್ದಲ್ಲ. ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ಸ್ಪಷ್ಟ ಸೂಚನೆ ಮೊದಲೇ ಇಲ್ಲದಿದ್ದರೆ ಯಾವ ಕಚೇರಿಯಲ್ಲಾದರೂ ಇದು ನಡೆಯಬಹುದು. ಯಜಮಾನರು ಎಐ ಕೊಂಡಿರಲಿ, ಬಿಟ್ಟಿರಲಿ, ನೌಕರರ ಕೈಯಲ್ಲಿ ಅದು ಆಗಲೇ ಇದೆ ಎಂಬುದನ್ನು ಮರೆಯಬಾರದು.

ಭಾರತದಲ್ಲಿ ವ್ಯಕ್ತಿಗಳ ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂದಿದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿದ್ದು, ಕಟ್ಟುಪಾಡುಗಳು ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಲೋಪವೊಂದಕ್ಕೆ ₹250 ಕೋಟಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂತು. ಕೆಲಸಕ್ಕೆ ಆಯ್ಕೆ, ಸಾಲಕ್ಕೆ ಅರ್ಹತೆ ಇಂಥವನ್ನು ನಿರ್ಧರಿಸುವ ಎಐಯನ್ನು ಅದು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ. ಯುರೋಪಿನ ಗಿರಾಕಿಗಳಿಗೆ ಎಐ ವ್ಯವಸ್ಥೆ ಒದಗಿಸುವ ಬೆಂಗಳೂರಿನ ಕಂಪನಿಗಳಿಗೆ ಇದು ದೂರದ ಸುದ್ದಿಯಲ್ಲ.

ನೌಕರರ ಪಾಡೇನು?

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ನೌಕರಿಯದು. ಈ ವಿಷಯದಲ್ಲಿ ಭಾರತಕ್ಕೆ ತನ್ನದೇ ಆದ ಒಂದು ಅನುಭವವಿದೆ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಮಾತು ಬಂದಾಗ ನೌಕರರ ಸಂಘಗಳು ತೀವ್ರವಾಗಿ ವಿರೋಧಿಸಿದ್ದವು. ಹಿಡಿದ ಹಟ ಸಡಿಲಿದ್ದು ಮಾತುಕತೆಯಿಂದ. 1983ರಲ್ಲಿ ಬ್ಯಾಂಕುಗಳ ಒಕ್ಕೂಟ ಮತ್ತು ಸಂಘಗಳ ನಡುವೆ ಯಾಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಿ. ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟು, ಶಾಖೆಯಲ್ಲಿ ಲೆಡ್ಜರ್ ನಮೂದಿಸುವ ಯಂತ್ರ, ಮೇಲಿನ ಕಚೇರಿಗಳಲ್ಲಿ ದೊಡ್ಡ ಕಂಪ್ಯೂಟರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿ ತೋರಿತು. ಕೆಲಸ ನಿಧಾನವಾಯಿತು ನಿಜ. ಆದರೆ ಲೆಡ್ಜರ್ ಬರೆಯುತ್ತಿದ್ದ ಎಷ್ಟೋ ಗುಮಾಸ್ತರು ಅದೇ ಮೇಜಿನ ಮುಂದೆ ಕುಳಿತು ಕೀಲಿಮಣೆ ಕಲಿತರು.

ಅಮೆರಿಕದಲ್ಲಿ ಎಟಿಎಂ ಬಂದಾಗ ಬ್ಯಾಂಕಿನ ನಗದು ಗುಮಾಸ್ತರ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸ್ಸೆನ್ ಲೆಕ್ಕ ಹಾಕಿ ತೋರಿಸಿದ್ದು ಬೇರೆಯೇ. ಒಂದು ಶಾಖೆಗೆ ಬೇಕಾದ ಗುಮಾಸ್ತರ ಸಂಖ್ಯೆ ಇಳಿದದ್ದು ನಿಜ. ಆದರೆ ಶಾಖೆ ತೆರೆಯುವುದು ಅಗ್ಗವಾದ್ದರಿಂದ ಶಾಖೆಗಳೇ ಹೆಚ್ಚಿದವು. ಒಟ್ಟು ಗುಮಾಸ್ತರ ಸಂಖ್ಯೆ ಬಹುಕಾಲ ಕುಸಿಯಲಿಲ್ಲ. ಅವರ ಕೆಲಸ ಮಾತ್ರ ಹಣ ಎಣಿಸುವುದರಿಂದ ಗ್ರಾಹಕರನ್ನು ಒಲಿಸಿಕೊಳ್ಳುವುದರ ಕಡೆಗೆ ಹೊರಳಿತು. ಮೊಬೈಲ್ ಬ್ಯಾಂಕಿಂಗ್ ಬಂದ ಮೇಲೆ ಶಾಖೆಗಳೇ ಮುಚ್ಚತೊಡಗಿ ಗುಮಾಸ್ತರ ಸಂಖ್ಯೆಯೂ ಇಳಿಯಿತು. ಒಂದು ಯಂತ್ರದಿಂದ ಉಳಿದ ಕೆಲಸ ಮುಂದಿನ ಯಂತ್ರದಿಂದಲೂ ಉಳಿಯುತ್ತದೆಂದು ಹೇಳುವಂತಿಲ್ಲ ಎಂಬುದೂ ಇದೇ ಕಥೆಯ ಇನ್ನೊಂದು ಮುಖ.

ಅವಸರಪಟ್ಟವರ ಕಥೆಯೂ ಇದೆ. ಸ್ವೀಡನ್ನಿನ ಹಣಕಾಸು ಸೇವೆಯ ಕಂಪನಿ ಕ್ಲಾರ್ನಾ 2024ರ ಆರಂಭದಲ್ಲಿ, ತನ್ನ ಎಐ ಸಹಾಯಕ 700 ಮಂದಿ ಮಾಡುವಷ್ಟು ಗ್ರಾಹಕ ಸೇವೆಯ ಕೆಲಸ ಮಾಡುತ್ತಿದೆ ಎಂದು ಸಾರಿತು. 2025ರಲ್ಲಿ ಅದರ ಮುಖ್ಯಸ್ಥರೇ, ಖರ್ಚು ತಗ್ಗಿಸುವುದರ ಮೇಲೆ ಅತಿಯಾಗಿ ಗಮನವಿಟ್ಟದ್ದರಿಂದ ಸೇವೆಯ ಗುಣಮಟ್ಟ ಕೆಳಗಿಳಿಯಿತೆಂದು ಒಪ್ಪಿಕೊಂಡು, ಆ ಕೆಲಸಕ್ಕೆ ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಮುಂದಾದರು.

ಎಐ ನೌಕರನ ಬದಲು ಬರದೆ ಪಕ್ಕಕ್ಕೆ ಬಂದಾಗ ಏನಾಗುತ್ತದೆ? ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ನೌಕರರನ್ನು ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ಶೇ 14ರಷ್ಟು ಉತ್ಪಾದಕತೆ ಏರಿತ್ತು. ಹೊಸಬರಲ್ಲಿ ಈ ಏರಿಕೆ ಸುಮಾರು ಮೂರನೇ ಒಂದರಷ್ಟು. ಪಳಗಿದ ಕೈಗಳಲ್ಲಿ ಬಹುತೇಕ ಏನೂ ಇಲ್ಲ. ಪಳಗಿದವರು ಹೇಗೆ ಉತ್ತರಿಸುತ್ತಾರೆಂಬ ಗುಟ್ಟನ್ನು ಯಂತ್ರ ಹಿಡಿದು ಹೊಸಬರಿಗೆ ಹಂಚಿತು ಎಂಬುದು ಸಂಶೋಧಕರ ವಿವರಣೆ. ಅದೇ ವರ್ಷ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಸಲಹೆಗಾರರ ಮೇಲೆ ಹಾರ್ವರ್ಡ್ ಮೊದಲಾದ ವಿದ್ಯಾಸಂಸ್ಥೆಗಳ ಸಂಶೋಧಕರು ನಡೆಸಿದ ಪ್ರಯೋಗ ಎಚ್ಚರಿಕೆಯನ್ನೂ ಕೊಟ್ಟಿತು. ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು ವೇಗವಾಗಿಯೂ ಚೆನ್ನಾಗಿಯೂ ಮಾಡಿದರು. ಎಐಗೆ ಎಟುಕದಂತೆ ಬೇಕೆಂದೇ ರೂಪಿಸಿದ ಕೆಲಸದಲ್ಲಿ ಮಾತ್ರ ಅದನ್ನು ಬಳಸಿದವರೇ ಬಳಸದವರಿಗಿಂತ ಹೆಚ್ಚು ತಪ್ಪಿದರು. ಎರಡೂ ಬಗೆಯ ಕೆಲಸಗಳು ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತಿದ್ದವು.

ಕಿರಿಯರಿಲ್ಲದೆ ಹಿರಿಯರು ಎಲ್ಲಿಂದ?

ಇಲ್ಲಿಂದ ಕರ್ನಾಟಕಕ್ಕೆ ತೀರಾ ಹತ್ತಿರದ ಒಂದು ಪ್ರಶ್ನೆ ಹುಟ್ಟುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ದಶಕಗಳಿಂದ ನಿಂತಿರುವುದು ಕಾಲೇಜಿನಿಂದ ಹೊರಬಂದ ಹುಡುಗ ಹುಡುಗಿಯರನ್ನು ಸಾವಿರಗಟ್ಟಲೆ ತೆಗೆದುಕೊಂಡು, ತರಬೇತಿ ಕೊಟ್ಟು, ಸಣ್ಣ ಕೆಲಸಗಳಿಂದ ದೊಡ್ಡ ಕೆಲಸಗಳಿಗೆ ಏರಿಸುವ ಪದ್ಧತಿಯ ಮೇಲೆ. ತಂತ್ರಾಂಶದ ಚಿಕ್ಕ ತಪ್ಪುಗಳನ್ನು ತಿದ್ದುವುದು, ಪರೀಕ್ಷಿಸುವುದು, ದಾಖಲೆ ಬರೆಯುವುದು ಹೊಸಬರ ಪಾಲಿನ ಕೆಲಸ. ಎಐ ಮೊದಲು ಕೈಹಾಕುವುದೂ ಇವುಗಳಿಗೇ.

ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರೆ ಈ ವರ್ಷದ ಲೆಕ್ಕದಲ್ಲಿ ಉಳಿತಾಯ ಕಾಣುತ್ತದೆ. ಆದರೆ ಎಐ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲ ಹಿರಿಯ ಎಂಜಿನಿಯರ್ ಹತ್ತು ವರ್ಷ ಹಿಂದೆ ಅದೇ ಚಿಕ್ಕ ತಪ್ಪುಗಳನ್ನು ತಿದ್ದುತ್ತಾ ಕಲಿತವರು. ಮೆಟ್ಟಿಲಿನ ಕೆಳಗಿನ ಹಂತಗಳನ್ನು ಕಿತ್ತುಹಾಕಿದರೆ ಹತ್ತು ವರ್ಷಗಳ ನಂತರ ಮೇಲಿನ ಹಂತದಲ್ಲಿ ನಿಲ್ಲುವವರು ಯಾರು? ಹಾಸನದ್ದೋ ಬಾಗಲಕೋಟೆಯದ್ದೋ ಎಂಜಿನಿಯರಿಂಗ್ ಕಾಲೇಜಿನಿಂದ ಸಾಲ ಮಾಡಿ ಓದಿ ಬರುವ ವಿದ್ಯಾರ್ಥಿಗೆ ಇದು ಅರ್ಥಶಾಸ್ತ್ರದ ಚರ್ಚೆಯಲ್ಲ, ಬದುಕಿನ ಪ್ರಶ್ನೆ. ಹೊಸಬರ ಕೈಗೆ ಎಐ ಕೊಟ್ಟು ಅವರನ್ನು ಬೇಗ ಪಳಗಿಸುವುದೋ, ಎಐ ಇದೆಯೆಂದು ಹೊಸಬರನ್ನೇ ದೂರವಿಡುವುದೋ ಎಂಬುದು ಯಂತ್ರ ಮಾಡುವ ತೀರ್ಮಾನವಲ್ಲ. ಅದು ಸಂಸ್ಥೆಯ ಮುಖ್ಯಸ್ಥರದ್ದು.

ಮೊದಲ ಹೆಜ್ಜೆ ಹೇಗಿರಬೇಕು?

ಮೇಲಿನ ಪ್ರಸಂಗಗಳಿಂದ ಕೆಲವು ವ್ಯಾವಹಾರಿಕ ಪಾಠಗಳು ಹೊರಡುತ್ತವೆ. ಮೊದಲನೆಯದು, ನಷ್ಟ ಅಥವಾ ವಿಳಂಬ ಆಗುತ್ತಿರುವ ಒಂದು ಕೆಲಸವನ್ನು ಹೆಸರಿಸಿ, ಅದರ ಇಂದಿನ ಖರ್ಚು, ಸಮಯ, ತಪ್ಪುಗಳ ಪ್ರಮಾಣವನ್ನು ಬರೆದಿಡುವುದು. ಇಂದಿನ ಅಳತೆ ಇಲ್ಲದಿದ್ದರೆ ನಾಳೆ ಸುಧಾರಿಸಿತೋ ಇಲ್ಲವೋ ಎಂದು ಹೇಳುವುದು ಹೇಗೆ? ಎರಡನೆಯದು, ಒಂದು ಶಾಖೆಯಲ್ಲಿ ಅಥವಾ ಒಂದು ವಿಭಾಗದಲ್ಲಿ ಸಣ್ಣದಾಗಿ ಆರಂಭಿಸಿ, ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ಪ್ರಯೋಜನ ಕಾಣದಿದ್ದರೆ ನಿಲ್ಲಿಸುವುದೆಂದು ಮೊದಲೇ ಗೊತ್ತುಮಾಡುವುದು.

ಮೂರನೆಯದು, ಪೂರ್ತಿ ಖರ್ಚಿನ ಲೆಕ್ಕ. ಎಐಗೆ ತೆರುವ ಬಾಡಿಗೆ ಖರ್ಚಿನ ಒಂದು ಭಾಗ ಮಾತ್ರ. ದಾಖಲೆಗಳನ್ನು ಶುದ್ಧಗೊಳಿಸುವುದು, ಹಳೆಯ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸುವುದು, ನೌಕರರ ತರಬೇತಿ, ಉತ್ತರಗಳನ್ನು ಪರಿಶೀಲಿಸುವವರ ಸಂಬಳ ಇವೆಲ್ಲ ಅದಕ್ಕೆ ಸೇರಬೇಕು. ನಾಲ್ಕನೆಯದು, ಒಪ್ಪಂದದ ಷರತ್ತು. ಸಂಸ್ಥೆಯ ದಾಖಲೆಗಳನ್ನು ಒದಗಿಸುವವರು ತಮ್ಮ ಯಂತ್ರದ ಪಾಠಕ್ಕೆ ಬಳಸಿಕೊಳ್ಳುತ್ತಾರೆಯೇ? ನಾಳೆ ಬೆಲೆ ಏರಿಸಿದರೆ ಬೇರೆಯವರ ಬಳಿಗೆ ಹೋಗಲು ದಾರಿ ಇದೆಯೇ? ಐದನೆಯದು, ಯಂತ್ರದ ತೀರ್ಮಾನದಿಂದ ತೊಂದರೆಯಾದ ಗ್ರಾಹಕ ಯಾರ ಬಳಿ ದೂರು ಹೇಳಬೇಕೆಂದು ಒಬ್ಬ ಮನುಷ್ಯರ ಹುದ್ದೆಯನ್ನು ಗೊತ್ತುಪಡಿಸುವುದು.

ಕೊನೆಯದಾಗಿ, ಕೆಲಸ ಮಾಡುವವರನ್ನು ಕೇಳುವುದು. ದಿನವೂ ದೂರು ಕೇಳುವ ಗುಮಾಸ್ತರಿಗೆ, ಯಂತ್ರದ ಮುಂದೆ ನಿಲ್ಲುವ ಫಿಟ್ಟರ್‌ಗೆ ತಮ್ಮ ಕೆಲಸದ ಯಾವ ಭಾಗ ಸುಮ್ಮನೆ ಸಮಯ ತಿನ್ನುತ್ತದೆ, ಯಾವ ಭಾಗಕ್ಕೆ ಅನುಭವ ಬೇಕು ಎಂಬುದು ಮುಖ್ಯ ಕಚೇರಿಗಿಂತ ಚೆನ್ನಾಗಿ ಗೊತ್ತು. ತಮ್ಮ ನೌಕರಿಗೇ ಸಂಚಕಾರ ಎಂಬ ಭಯವಿದ್ದರೆ ಅವರು ಅದನ್ನು ಹೇಳಲಾರರು.

ಅಮೆರಿಕದ ಕಾರ್ಖಾನೆಗಳಲ್ಲಿ ವಿದ್ಯುತ್ತಿನ ನಿಜವಾದ ಫಲ ಕಂಡದ್ದು ಮೋಟಾರನ್ನು ಎಲ್ಲರಿಗಿಂತ ಮೊದಲು ಕೊಂಡವರಲ್ಲ. ಛಾವಣಿಯ ದಂಡವನ್ನು ಇಳಿಸಿ, ಕೆಲಸ ನಡೆಯುವ ಹಾದಿಯನ್ನು ಹೊಸದಾಗಿ ಹಾಕಿಕೊಂಡವರು. ಅದಕ್ಕೆ ಅವರಿಗೆ ನಲವತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಈ ಸಲ ಯಾರಿಗೂ ಸಿಗಲಾರದು. ಆದರೆ ಈ ವಾರವೇ ತೀರ್ಮಾನಿಸದಿದ್ದರೆ ಮುಳುಗಿಹೋದಂತೆ ಎಂದು ಹೇಳುವ ಮಾರಾಟಗಾರರ ಮಾತಿಗೆ ಹೆದರಬೇಕಾಗಿಯೂ ಇಲ್ಲ. ಶಿವನಸಮುದ್ರದ ವಿದ್ಯುತ್ತಿಗೆ ಕಾಯುತ್ತಿದ್ದ ಗಣಿಯವರಂತೆ ತಮ್ಮ ಲೆಕ್ಕದ ಪುಸ್ತಕವನ್ನು ಬಿಚ್ಚಿ ನೋಡಲು ಬೇಕಾದಷ್ಟು ಸಮಯ ಎಲ್ಲರಿಗೂ ಇದೆ.